ಗುಲ್ಮದ ಲಿಂಫೋಮಾ: ಎಂ.ಆರ್.ಐ. ಒಂದೇ ಸಾಕೇ?

ಪ್ರಶ್ನೆ: ನಮ್ಮ ತಂದೆಯವರ ಕುತ್ತಿಗೆಯ ಗಂಟನ್ನು ಪರೀಕ್ಷಿಸಿದಾಗ ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಎಂದು ತಿಳಿಯಿತು. ಎಂ.ಆರ್.ಐ.ಯಲ್ಲಿ ಗುಲ್ಮ (ಸ್ಪ್ಲೀನ್) ಸರಿಯಾಗಿದೆ ಎಂದು ಬಂದಿದ್ದರೂ, ಪೆಟ್-ಸಿ.ಟಿ. ಮಾಡಿಸಬೇಕೆಂದು ವೈದ್ಯರು ಹೇಳುತ್ತಿದ್ದಾರೆ. ಅದು ಅಗತ್ಯವೇ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಅಗತ್ಯವಿದೆ, ವೈದ್ಯರ ಸಲಹೆ ಸರಿಯಾಗಿಯೇ ಇದೆ. ಎಂ.ಆರ್.ಐ. ಯಂತ್ರವು ಅಂಗಾಂಶದಲ್ಲಿರುವ ನೀರಿನ ಕಣಗಳು ಕಾಂತಕ್ಷೇತ್ರದಲ್ಲಿ ಹೇಗೆ ವರ್ತಿಸುತ್ತವೆ ಎಂಬುದನ್ನು ಆಧರಿಸಿ ಚಿತ್ರ ಕಟ್ಟುತ್ತದೆ. ಆದರೆ ಆರೋಗ್ಯಕರ ಗುಲ್ಮವೂ ಲಿಂಫೋಮಾವೂ ಈ ವಿಷಯದಲ್ಲಿ ಬಹುಮಟ್ಟಿಗೆ ಒಂದೇ ರೀತಿ ವರ್ತಿಸುವುದರಿಂದ, ರೋಗವು ಗಂಟಾಗಿ ನಿಲ್ಲದೆ ಗುಲ್ಮದ ತುಂಬ ಸಣ್ಣಗೆ ಹರಡಿದ್ದರೆ ಸಾಮಾನ್ಯ ಚಿತ್ರದಲ್ಲಿ ಅದು ಕಣ್ತಪ್ಪಿ ಹೋಗಬಹುದು. ಚಿತ್ರವನ್ನು ಸ್ಪಷ್ಟಗೊಳಿಸುವ ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಟ್ಟು ತೆಗೆದ ಚಿತ್ರಗಳೂ, ನೀರಿನ ಕಣಗಳ ಚಲನೆಯನ್ನು ಅಳೆಯುವ ಡಿಫ್ಯೂಷನ್ ವಿಧಾನವೂ ಈ ಕೊರತೆಯನ್ನು ಸ್ವಲ್ಪ ತುಂಬುತ್ತವೆ. ಹಿಂದೆ ಕಬ್ಬಿಣದ ಸೂಕ್ಷ್ಮಕಣಗಳನ್ನೂ ಬಳಸಿದ್ದುಂಟು: ಆರೋಗ್ಯಕರ ಭಾಗ ಅವನ್ನು ಹೀರಿಕೊಂಡು ಕಪ್ಪಾಗುತ್ತಿತ್ತು, ರೋಗದ ಭಾಗ ಬೆಳ್ಳಗೆ ಉಳಿಯುತ್ತಿತ್ತು.

ಗುಲ್ಮದ ಗಾತ್ರವನ್ನಷ್ಟೇ ನಂಬುವಂತಿಲ್ಲ. ಮಲೇರಿಯಾ, ಯಕೃತ್ತಿನ ಕಾಯಿಲೆಗಳಲ್ಲಿಯೂ ಅದು ಊದಿಕೊಳ್ಳುತ್ತದೆ. ಲಿಂಫೋಮಾ ಇದ್ದೂ ಗಾತ್ರ ಸಹಜವಾಗಿರಬಹುದು.

ಪೆಟ್-ಸಿ.ಟಿ. ಜೀವಕೋಶಗಳು ಸಕ್ಕರೆ ಬಳಸುವ ಪ್ರಮಾಣವನ್ನು ತೋರಿಸುತ್ತದೆ; ಲಿಂಫೋಮಾ ಕೋಶಗಳು ಸಾಮಾನ್ಯವಾಗಿ ಹೆಚ್ಚು ಸಕ್ಕರೆ ಬಳಸುವುದರಿಂದ, ಹೆಚ್ಚಿನ ಬಗೆಯ ಲಿಂಫೋಮಾಗಳಲ್ಲಿ ರೋಗದ ಹಂತವನ್ನು ನಿರ್ಧರಿಸಲು ಅದನ್ನೇ ಮೊದಲು ಆರಿಸುತ್ತಾರೆ. ಗುಲ್ಮದಲ್ಲಿ ರೋಗವಿದ್ದರೆ ಹಂತವೂ, ಅದರೊಂದಿಗೆ ಚಿಕಿತ್ಸೆಯ ಯೋಜನೆಯೂ ಬದಲಾಗಬಹುದು. ಆದ್ದರಿಂದ ಖರ್ಚಿನ ಚಿಂತೆ ಸಹಜವಾದರೂ ಇದನ್ನು ಕೈಬಿಡಬೇಡಿ. ತಂದೆಯವರಿಗೆ ಸಕ್ಕರೆ ಕಾಯಿಲೆಯಿದ್ದರೆ ಪರೀಕ್ಷೆಗೆ ಮುಂಚೆಯೇ ತಿಳಿಸಿರಿ, ಎಂ.ಆರ್.ಐ. ಚಿತ್ರಗಳನ್ನೂ ಜೊತೆಗೆ ಒಯ್ಯಿರಿ.