ಹರಿದ ಪುಟಗಳು, ಬರೆಯದ ಮಾಕ್ ಟೆಸ್ಟ್
ಮನಸ್ಸಿನ ಆರೋಗ್ಯ: ಪರಿಪೂರ್ಣತೆಯ ಹಟದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯ ಹತ್ತೂ ವಿಷಯಗಳಲ್ಲಿ ಎ ಪ್ಲಸ್ ತೆಗೆದಿದ್ದಳು. ಪೇಟೆಯ ಫ್ಲೆಕ್ಸಿನಲ್ಲಿ ಅವಳ ಫೋಟೋ ಇತ್ತು. ಈಗ ಪ್ಲಸ್ ಒನ್ (ಹನ್ನೊಂದನೇ ತರಗತಿ) ವಿಜ್ಞಾನ. ರಾತ್ರಿ ಒಂದರವರೆಗೆ ನೋಟ್ಸ್ ಬರೆಯುತ್ತಾಳೆ. ಒಂದಕ್ಷರ ತಪ್ಪಿದರೂ ಪುಟವನ್ನೇ ಹರಿದು ಮತ್ತೆ ಬರೆಯುತ್ತಾಳೆ. ಮೊನ್ನೆ ಫಿಸಿಕ್ಸ್ ಪರೀಕ್ಷೆಯಲ್ಲಿ ಗೊತ್ತಿದ್ದ ಎರಡು ಪ್ರಶ್ನೆಗಳಿಗೆ ಸಮಯ ಸಾಲದೆ ಬಿಟ್ಟು ಬಂದಳು. ಇದು ಶ್ರದ್ಧೆಯೋ, ಕಾಯಿಲೆಯೋ?
— ತಾಯಿ, ಬದಿಯಡ್ಕ

ಉತ್ತರ: ಕಾಯಿಲೆಯೆಂದು ಹೆಸರಿಡುವುದು ಬೇಡ, ಶ್ರದ್ಧೆಯೆಂದು ಸುಮ್ಮನಿರುವುದೂ ಬೇಡ. ಎರಡರ ವ್ಯತ್ಯಾಸ ತಿಳಿಯುವುದು ತಪ್ಪಾದ ಗಳಿಗೆಯಲ್ಲಿ. ಶ್ರದ್ಧೆಯ ಹುಡುಗಿ ತಪ್ಪಿದ ಪದಕ್ಕೆ ಗೆರೆ ಎಳೆದು ಮುಂದಕ್ಕೆ ಬರೆಯುತ್ತಾಳೆ. ಪರಿಪೂರ್ಣತೆಯ ಹಟಕ್ಕೆ ಬಿದ್ದವಳಿಗೆ ಆ ತಪ್ಪು ಪುಟದಲ್ಲಿ ಕಾಣುವುದಿಲ್ಲ, ತನ್ನಲ್ಲೇ ಕಾಣುತ್ತದೆ. ಅದಕ್ಕೇ ಪುಟ ಉಳಿಯಬಾರದು ಅನ್ನಿಸುತ್ತದೆ.

ಅವಳ ನೋಟ್‌ಬುಕ್ಕನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನಡುವೆ ಪಿನ್ ಹೊಡೆದ ಪುಸ್ತಕದಲ್ಲಿ ಒಂದು ಹಾಳೆ ಹರಿದರೆ ಆಚೆ ಬದಿಯಲ್ಲಿರುವ ಅದರ ಜೋಡಿ ಹಾಳೆಯೂ ಸಡಿಲವಾಗಿ ಕಳಚಿ ಬರುತ್ತದೆ. ಅರ್ಧ ಪುಸ್ತಕ ದಾಟಿದ್ದರೆ ಅದರಲ್ಲಿ ಬರೆದಿಟ್ಟ ಹಳೆಯ ಪಾಠವನ್ನೂ ಅವಳು ಮತ್ತೆ ಬರೆಯಬೇಕು. ಒಂದು ಅಕ್ಷರಕ್ಕೆ ಎರಡು ಹಾಳೆಯ ದಂಡ. 200 ಪುಟದ ಪುಸ್ತಕದಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿದರೆ ಹೋದ ನಿದ್ದೆಯ ಲೆಕ್ಕ ನಿಮಗೇ ಸಿಗುತ್ತದೆ. ಆ ಲೆಕ್ಕವನ್ನು ಅವಳ ಮುಂದೆ ಬೈಗುಳವಾಗಿ ಇಡಬೇಡಿ.

ಹರಿಯುವ ಚಾಳಿ ಬಲಿಯುವುದು ಹೀಗೆ: ತಪ್ಪು ಕಂಡ ಕೂಡಲೇ ಎದೆ ಬಿಗಿಯುತ್ತದೆ, ಹರಿದ ಕೂಡಲೇ ಹಗುರಾಗುತ್ತದೆ. ಹರಿಯುವುದೇ ಮದ್ದು ಎಂದು ಮನಸ್ಸು ಪ್ರತಿ ಸಲವೂ ಕಲಿಯುತ್ತದೆ. ಹರಿಯದೆ ಬಿಟ್ಟರೂ ಆ ಬಿಗಿತ ತಾನಾಗಿ ಇಳಿಯುತ್ತದೆ, ಸ್ವಲ್ಪ ಹೊತ್ತು ಬೇಕು ಅಷ್ಟೆ. ಅದನ್ನು ಕಂಡುಕೊಳ್ಳಲು ಅವಳಿಗೆ ಅವಕಾಶವೇ ಸಿಕ್ಕಿಲ್ಲ.

ಮೊದಲ ವಾರ ಏನನ್ನೂ ಬದಲಿಸಬೇಡಿ. ಎಷ್ಟು ಹಾಳೆ ಹರಿದಳು, ಎಷ್ಟಕ್ಕೆ ಮಲಗಿದಳು ಎಂದು ಅವಳೇ ಗುರುತು ಹಾಕಲಿ. ಎರಡನೇ ವಾರ ಒಂದೇ ವಿಷಯ ಆರಿಸಿಕೊಳ್ಳಲಿ. ಅವಳು ಅತಿ ಹೆಚ್ಚು ಹೆದರುವ ವಿಷಯ ಬೇಡ, ಸುಲಭದ್ದು ಸಾಕು. ಅದರಲ್ಲಿ ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗಬೇಕು. ಪುಸ್ತಕ ಒಪ್ಪಿಸುವ ಮುನ್ನ ಚೀಟಿಯಲ್ಲಿ ಬರೆದಿಡಲಿ: “ಟೀಚರ್ ಏನು ಹೇಳಬಹುದು? ನನಗೆ ನೂರಕ್ಕೆ ಎಷ್ಟು ಖಾತ್ರಿ?” ಪುಸ್ತಕ ವಾಪಸು ಬಂದ ಮೇಲೆ ನಡೆದದ್ದೇನು ಎಂದು ಅದರ ಕೆಳಗೇ ಬರೆಯಲಿ. ನಾಲ್ಕೈದು ಚೀಟಿ ಸೇರಿದ ಮೇಲೆ ಅವನ್ನು ಸಾಲಾಗಿ ಇಟ್ಟು ಓದಲಿ. ನಿಮ್ಮ ಉಪದೇಶಕ್ಕಿಂತ ಅವಳದೇ ಕೈಬರಹ ಹೆಚ್ಚು ನಂಬಿಸುತ್ತದೆ. ಮೂರನೇ ವಾರ ಇನ್ನೊಂದು ವಿಷಯ ಸೇರಿಸಿ.

ಇದು ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಗೆರೆಯನ್ನೂ ಸ್ಕೇಲಿಟ್ಟು ಎಳೆಯತೊಡಗುತ್ತಾಳೆ. ಕೈಯಲ್ಲೇ ಎಳೆಯಬೇಕು ಎಂದು ಮೊದಲೇ ಮಾತಾಗಲಿ. ಇನ್ನೊಂದು, “ಅಮ್ಮಾ, ಸರಿ ಉಂಟಾ?” ಎಂದು ಹತ್ತು ಸಲ ಕೇಳುತ್ತಾಳೆ, ನೀವು ಹತ್ತು ಸಲವೂ “ಚೆಂದ ಉಂಟು” ಎನ್ನುತ್ತೀರಿ. ಆ ಸಮಾಧಾನವೂ ಹರಿಯುವ ಕೆಲಸವನ್ನೇ ಮಾಡುತ್ತದೆ. ಒಮ್ಮೆ ಹೇಳಿ, ಆಮೇಲೆ “ನಿನಗೆ ಏನನ್ನಿಸ್ತದೆ?” ಎಂದು ಕೇಳಿ ಸುಮ್ಮನಿರಿ.

ಪರೀಕ್ಷೆಗೆ ಬೇರೆ ಅಭ್ಯಾಸ ಬೇಕು. ಕೇರಳದ ಪ್ಲಸ್ ಟೂ ಮಟ್ಟದ ಫಿಸಿಕ್ಸ್ ಪೇಪರ್ 60 ಅಂಕದ್ದು, ಸಮಯ 2 ಗಂಟೆ, ಓದಿಕೊಳ್ಳಲು 15 ನಿಮಿಷ ಬೇರೆ. ಅಂಕಕ್ಕೆ 2 ನಿಮಿಷ. 3 ಅಂಕದ ಉತ್ತರಕ್ಕೆ 6 ನಿಮಿಷ ದಾಟಿದರೆ ನಾಲ್ಕು ಸಾಲಿನ ಜಾಗ ಬಿಟ್ಟು ಮುಂದಕ್ಕೆ ಹೋಗಬೇಕು. ಹಳೆಯ ಪೇಪರಿಟ್ಟು ವಾರಕ್ಕೊಮ್ಮೆ, ಅರ್ಧ ವಾಕ್ಯದಲ್ಲೇ ಪೆನ್ನು ಎತ್ತುವ ಅಭ್ಯಾಸ ಮಾಡಿಸಿ. ಅವಳಿಗೆ ಅತಿ ಕಷ್ಟವಾಗುವುದು ಇದೇ.

ಹತ್ತರವರೆಗೆ ಕನ್ನಡದಲ್ಲಿ ಓದಿ ಇದ್ದಕ್ಕಿದ್ದಂತೆ ಇಂಗ್ಲಿಷಿನ ಪಾಠಕ್ಕೆ ಕೂತವಳು ಅವಳು. ಅಲ್ಲಿ ತಪ್ಪು ಹೆಚ್ಚುವುದು ಭಾಷೆಯಿಂದ, ಬುದ್ಧಿಯಿಂದಲ್ಲ. ಇದನ್ನು ಬಾಯಿಬಿಟ್ಟು ಅವಳಿಗೆ ಹೇಳಬೇಕು, ಹೇಳದಿದ್ದರೆ ತನ್ನನ್ನೇ ದಡ್ಡಿಯೆಂದುಕೊಳ್ಳುತ್ತಾಳೆ. ಫ್ಲೆಕ್ಸಿನ ಫೋಟೋದ ಭಾರವೂ ಅವಳ ಹೆಗಲ ಮೇಲಿದೆ. ಸಂಶೋಧಕರಾದ ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಅಮೆರಿಕ, ಕೆನಡಾ, ಬ್ರಿಟನ್ನಿನ 41,641 ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದ್ದರು. 1989ರಿಂದ 2016ರ ನಡುವೆ ಅತಿ ಹೆಚ್ಚು, ಅಂದರೆ ಶೇ. 33ರಷ್ಟು, ಏರಿದ್ದು “ಬೇರೆಯವರು ನನ್ನಿಂದ ಪರಿಪೂರ್ಣತೆ ಬಯಸುತ್ತಾರೆ” ಎಂಬ ಭಾವನೆ. ಅದು ನಮ್ಮ ಮಕ್ಕಳ ಲೆಕ್ಕವಲ್ಲ, ಆದರೆ ಅದೇ ಭಾವನೆ ನಮ್ಮ ಮನೆಗಳಲ್ಲೂ ಇದೆ. ಖಿನ್ನತೆಯ ಜೊತೆ ಗಟ್ಟಿಯಾಗಿ ಹೆಣೆದುಕೊಳ್ಳುವ ಬಗೆಯೂ ಅದೇ.

ಪ್ರಶ್ನೆ: ಎರಡು ವರ್ಷದಿಂದ ಸರಕಾರಿ ಕೆಲಸಕ್ಕೆಂದು ಕೇರಳ ಪಿ.ಎಸ್.ಸಿ. ಪರೀಕ್ಷೆಗೆ ಓದುತ್ತಿದ್ದೇನೆ. ಸಿಲೆಬಸ್ ಪೂರ್ತಿ ಮುಗಿಸಿಯೇ ಮಾಕ್ ಟೆಸ್ಟ್ ಬರೆಯಬೇಕೆಂದು ಇದುವರೆಗೆ ಒಂದನ್ನೂ ಬರೆದಿಲ್ಲ. ಮನೆಯಲ್ಲಿ ಸೋಮಾರಿ ಅನ್ನುತ್ತಾರೆ.
— ಯುವಕ, ಮಂಜೇಶ್ವರ

ಉತ್ತರ: ಸೋಮಾರಿಗೆ ಮುಂದೂಡಿದ ಕೆಲಸ ಕಾಡುವುದಿಲ್ಲ. ನಿಮ್ಮನ್ನು ಹಗಲೂ ರಾತ್ರಿ ಕಾಡುತ್ತಿದೆ. ಬರೆಯದ ಟೆಸ್ಟಿನಲ್ಲಿ ಯಾರೂ ಫೇಲಾಗುವುದಿಲ್ಲ, ಮುಂದೂಡುವುದರ ಒಳಗುಟ್ಟು ಅದು.

ನಾಳೆ ಬೆಳಿಗ್ಗೆಯೇ ಹಳೆಯ ಪೇಪರಿನ ಮೊದಲ 25 ಪ್ರಶ್ನೆ ಬರೆಯಿರಿ. ಇವತ್ತು ರಾತ್ರಿ ಅದಕ್ಕೆಂದು ಏನನ್ನೂ ಓದಬೇಡಿ. ಕೂರುವ ಮೊದಲೇ “ಎಷ್ಟು ಬಂದರೂ 25 ಮುಗಿಸಿದರೆ ಇವತ್ತಿನ ಕೆಲಸ ಆಯಿತು” ಎಂದು ಹಾಳೆಯ ತಲೆಯಲ್ಲಿ ಬರೆದುಕೊಳ್ಳಿ. ಸಾಕು ಎಂಬುದರ ಅಳತೆಯನ್ನು ಮೊದಲೇ ಹಾಕಬೇಕು. ಕೆಲಸದ ನಡುವೆ ಹಾಕಹೊರಟರೆ ಅದು ಮೇಲಕ್ಕೇ ಜಾರುತ್ತದೆ.

ಇನ್ನೊಂದು ಲೆಕ್ಕ ನೋಡಿ. ತಪ್ಪಿದರೆ ಮೂರರಲ್ಲೊಂದು ಅಂಕ ಹೋಗುತ್ತದೆ ಎಂದು ನಿಮ್ಮಂಥವರು ಪೂರ್ತಿ ಖಾತ್ರಿಯಿಲ್ಲದ್ದನ್ನೆಲ್ಲ ಬಿಟ್ಟು ಬರುತ್ತಾರೆ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆ ತಪ್ಪೆಂದು ಗೊತ್ತಾದರೂ ಸಾಕು, ಉಳಿದ ಮೂರರಲ್ಲಿ ಊಹಿಸುವುದು ಲಾಭದ ಕಡೆಗೇ ವಾಲುತ್ತದೆ. ಪ್ರತಿಯೊಂದನ್ನೂ ಖಾತ್ರಿ ಮಾಡಿಕೊಂಡೇ ಬರೆಯುವವನು ಇಲ್ಲಿ ನಿಜಕ್ಕೂ ಅಂಕ ಕಳೆದುಕೊಳ್ಳುತ್ತಾನೆ.

ಪ್ರಶ್ನೆ: ನಾನು ಆರಿಸಿಟ್ಟ ಅಡಿಕೆಯನ್ನು ಗಂಡ ಮತ್ತೆ ರಾಶಿಗೆ ಸುರಿದು ಆರಿಸುತ್ತಾರೆ. ಅವರ ಮಾತು ತಾಳದೆ ಆಳುಗಳೂ ನಿಲ್ಲುವುದಿಲ್ಲ.
— ಗೃಹಿಣಿ, ಮುಳ್ಳೇರಿಯ

ಉತ್ತರ: ಕೆನಡಾದ ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಪರಿಪೂರ್ಣತೆಯ ಈ ಹಟವನ್ನು ಮೂರು ಬಗೆಯಾಗಿ ವಿಂಗಡಿಸಿದರು: ತನ್ನಿಂದ ಬಯಸುವುದು, ಪರರಿಂದ ಬಯಸುವುದು, ಪರರು ತನ್ನಿಂದ ಬಯಸುತ್ತಾರೆ ಎಂದುಕೊಳ್ಳುವುದು. ನಿಮ್ಮ ಮನೆಯಲ್ಲಿರುವುದು ಎರಡನೆಯದು, ಅದರ ಬಿಸಿ ತಟ್ಟುವುದು ಸುತ್ತಲಿನವರಿಗೆ. ಸುರಿದಾದ ಮೇಲೆ ವಾದಿಸಿ ಪ್ರಯೋಜನವಿಲ್ಲ. ಕೆಲಸಕ್ಕೆ ಕೂರುವ ಮೊದಲು ಚಾಲಿ, ಪಟೋರ, ಕೀಳು ದರ್ಜೆಯ ಕೋಕ ಹೀಗೆ ಅಡಿಕೆಯ ಒಂದೊಂದು ದರ್ಜೆಯ ಒಂದೊಂದು ಹಿಡಿ ಮಾದರಿ ಅವರಿಂದಲೇ ತೆಗೆಸಿ ಪಕ್ಕದಲ್ಲಿಟ್ಟುಕೊಳ್ಳಿ. ಒಂದು ಗೆರಸೆಯಲ್ಲಿ ಎಷ್ಟು ಕೋಕ ತಪ್ಪಿ ಬಂದರೆ ಅಡ್ಡಿಯಿಲ್ಲ ಎಂಬುದೂ ಆಗಲೇ ತೀರ್ಮಾನವಾಗಲಿ. ಅಷ್ಟರೊಳಗಿದ್ದರೆ ಮತ್ತೆ ಆರಿಸುವಂತಿಲ್ಲ. ಮಾತು ಅವಮಾನಕ್ಕೋ ಕೈ ಎತ್ತುವುದಕ್ಕೋ ಹೋದರೆ ಅದು ಸ್ವಭಾವದ ಪ್ರಶ್ನೆಯಲ್ಲ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಪ್ರಶ್ನೆ: ಈ ಪರಿಪೂರ್ಣತೆಯ ಹಟಕ್ಕೆ ಮಾತ್ರೆ ಉಂಟೇ?
— ಓದುಗರು, ಉಪ್ಪಳ

ಉತ್ತರ: ಈ ಸ್ವಭಾವಕ್ಕೆಂದೇ ಮಾತ್ರೆಯಿಲ್ಲ. ಇದರ ಜೊತೆ ಬರುವ ಖಿನ್ನತೆ, ಆತಂಕ, ಗೀಳುರೋಗಕ್ಕೆ ಇದೆ. ಸ್ವಭಾವ ಸಡಿಲಿಸಲು ನೆರವಾಗುವುದು ಯೋಚನೆ, ನಡವಳಿಕೆಗಳನ್ನು ಮಾತು ಮತ್ತು ಅಭ್ಯಾಸದಿಂದ ತಿದ್ದುವ ಅರಿವಿನ ವರ್ತನಾ ಚಿಕಿತ್ಸೆ; ಮೇಲೆ ಹೇಳಿದ ಚೀಟಿಯ ಪ್ರಯೋಗ ಅದರದೇ ಒಂದು ತುಂಡು. ಎರಡು ವಾರಕ್ಕೂ ಮೀರಿ ನಿದ್ದೆ ಅಥವಾ ಊಟ ಕೆಟ್ಟಿದ್ದರೆ, ಕೈ ತೊಳೆಯುವುದು, ಬೀಗ ನೋಡುವುದು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತಿದ್ದರೆ ಮನೋವೈದ್ಯರನ್ನು ಕಾಣಿ. “ಬದುಕಿದ್ದೇನು ಫಲ” ಎಂಬ ಮಾತು ಬಂದರೆ ಅಂದೇ ಹೋಗಿ, ಮರುದಿನಕ್ಕೆ ಇಡಬೇಡಿ. ಹೈಯರ್ ಸೆಕೆಂಡರಿ ಮಕ್ಕಳು ಶಾಲೆಯ ಸೌಹೃದ ಕ್ಲಬ್ಬಿನ ಅಧ್ಯಾಪಕರ ಬಳಿ ಮೊದಲ ಮಾತು ಆಡಬಹುದು. ಮನಸ್ಸಿನ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ದಿನದ 24 ಗಂಟೆಯೂ ಇದೆ. ಕನ್ನಡದಲ್ಲೇ ಮಾತನಾಡಬೇಕೆಂದು ಕೇಳಿ.