ನಿಮಗೆ ಅತ್ಯಂತ ಪ್ರಿಯವಾದ ಕನ್ನಡ ಕಾವ್ಯದ ಸಾಲುಗಳು ಯಾವುವು, ಏಕೆ?

ಗದಗಿನವನಾದ ನನಗೆ ಕುಮಾರವ್ಯಾಸ ಭಾರತದ ಪೀಠಿಕೆಯ ‘ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ ಪದವಿಟ್ಟಳುಪದೊಂದಗ್ಗಳಿಕೆ’ ಎಂಬ ಸಾಲುಗಳೇ ಎಲ್ಲಕ್ಕಿಂತ ಪ್ರಿಯ. ಕರಡು ಬರೆಯಲು ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ, ಪರರ ರೀತಿಯನ್ನು ಎರವಲು ಪಡೆಯದೆ, ಓಲೆಗರಿಯ ಮೇಲೆ ಕಂಠದ, ಎಂದರೆ ಬರೆಯುವ ಲೋಹದ ಕಡ್ಡಿಯ, ಸದ್ದು ನಿಲ್ಲದಂತೆ ಬರೆಯಬಲ್ಲೆನೆನ್ನುವ ಕವಿ, ಆ ಬಲವೆಲ್ಲ ಗದುಗಿನ ವೀರನಾರಾಯಣನ ಕಿಂಕರನದು ಎಂದು ಪದ್ಯವನ್ನು ಮುಗಿಸುತ್ತಾನೆ. ಇಂಥ ಆತ್ಮವಿಶ್ವಾಸವೂ ಇಂಥ ವಿನಯವೂ ಒಂದೇ ಷಟ್ಪದಿಯಲ್ಲಿ ಕೂಡಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಛಂದಸ್ಸೂ ಇದಕ್ಕೆ ಒತ್ತಾಸೆಯಾಗಿದೆ. ಭಾಮಿನಿ ಷಟ್ಪದಿಯ ಮೂರು–ನಾಲ್ಕು ಮಾತ್ರೆಗಳ ನಡೆಯಲ್ಲಿ, 14ನೆಯ ಮಾತ್ರೆಗೆ ಸಾಲು ಮುಗಿದರೂ ‘ಅಗ್ಗಳಿಕೆ’ (ಹಿರಿಮೆ) ಎಂಬ ಪದ ಮುಗಿಯದೆ ಮುಂದಿನ ಸಾಲಿಗೆ ಹರಿಯುವುದರಿಂದ, ನಿಲ್ಲದ ಬರವಣಿಗೆಯ ಮಾತನ್ನು ಪದ್ಯವೇ ನಡೆಸಿ ತೋರಿಸುತ್ತದೆ. ಆದ್ದರಿಂದ ಇದನ್ನು ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗಳ ಬಾಯಲ್ಲಿ ಕೇಳಬೇಕು, ಇಲ್ಲವೇ ಗಟ್ಟಿಯಾಗಿ ಓದಬೇಕು.