ಹೊಸ ಡಿಸ್ಕ್ ಹಾಕಿಸಿದರೂ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಅದುರುತ್ತಿದೆ, ಯಾಕೆ?

ಪ್ರಶ್ನೆ: 80 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ನನ್ನ ಕಾರಿನ ಸ್ಟೀರಿಂಗ್ ಗಡಗಡ ಅದುರುತ್ತಿತ್ತು. ಡಿಸ್ಕ್ (ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ) ಬೆಂಡ್ ಆಗಿದೆ ಅಂತ ಮೆಕ್ಯಾನಿಕ್ ಮುಂದಿನ ಎರಡೂ ಡಿಸ್ಕ್ ಮತ್ತು ಅದನ್ನು ಅದುಮಿ ಹಿಡಿಯುವ ಪ್ಯಾಡ್ ಬದಲಿಸಿದರು. ಸರಿಹೋಯಿತು. 6,000 ಕಿ.ಮೀ. ಓಡಿದ ಮೇಲೆ ಈಗ ಮತ್ತೆ ಅದೇ ಕಾಟ. ಡಿಸ್ಕೇ ಕಳಪೆಯಾ?

ಉತ್ತರ: ಪಾಪ, ಡಿಸ್ಕನ್ನು ಬೈಯಬೇಡಿ. ನೀವು ಹೇಳಿದ ಆ 6,000 ಕಿ.ಮೀ. ಲೆಕ್ಕವೇ ದೊಡ್ಡ ಸುಳಿವು. ಮೊದಲ ದಿನದಿಂದಲೇ ನಡುಕ ಇದ್ದಿದ್ದರೆ ಬೇರೆ ಮಾತು. ನಿಧಾನವಾಗಿ ಬಂತು ಅಂದರೆ, ಹೊಸ ಡಿಸ್ಕ್ ಹಬ್ (ಡಿಸ್ಕ್, ಚಕ್ರ ಎರಡೂ ಕೂರುವ ನಡುಭಾಗ) ಮೇಲೆ ಸಪಾಟಾಗಿ ಕೂತಿರಲಿಲ್ಲ ಅನ್ನೋದೇ ನನ್ನ ಅನುಮಾನ.

ಹಳೆ ಡಿಸ್ಕ್ ಬಿಚ್ಚಿದಾಗ ಹಬ್ ಮೇಲೆ ತುಕ್ಕಿನ ಹಕ್ಕಳೆ ಇರುತ್ತದೆ. ಅದನ್ನು ಉಜ್ಜಿ ತೆಗೆಯದೆ ಹೊಸದನ್ನು ಕೂರಿಸಿದರೆ ಡಿಸ್ಕ್ ತುಸು ಓರೆಯಾಗಿ ತಿರುಗುತ್ತದೆ. ಆಗಲೇ ಏನೂ ಗೊತ್ತಾಗಲ್ಲ. ಆದರೆ ನೀವು ಬ್ರೇಕ್ ಮುಟ್ಟದೆ ಓಡಿಸುವಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿ.ಮೀ. ಹೀಗೆ ಸವೆದು ಆ ಜಾಗ ತೆಳುವಾಗುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗ ದಪ್ಪ, ತೆಳು, ದಪ್ಪ, ತೆಳು ಅಂತ ಪ್ಯಾಡಿನ ಹಿಡಿತ ಏರಿಳಿಯುತ್ತದೆ. ನಿಮ್ಮ ಕೈಗೆ ಸಿಗುವ ನಡುಕ ಅದೇ. ‘ಬೆಂಡ್ ಆಗಿದೆ’ ಅನ್ನುವ ಡಿಸ್ಕುಗಳಲ್ಲಿ ಹೆಚ್ಚಿನವು ನಿಜಕ್ಕೂ ಬಾಗಿರುವುದಿಲ್ಲ. ಹೀಗೆ ಏರುಪೇರಾಗಿ ಸವೆದಿರುತ್ತವೆ, ಇಲ್ಲವೇ ಪ್ಯಾಡಿನ ಪುಡಿ ಅಲ್ಲಲ್ಲಿ ಮೆತ್ತಿಕೊಂಡಿರುತ್ತದೆ.

ಈ ಸಲ ಅಳತೆ ಮಾಡಿಸದೆ ಏನನ್ನೂ ಬದಲಿಸಬೇಡಿ. ಚಕ್ರ ಬಿಚ್ಚಿ, ಡಿಸ್ಕನ್ನು ನಟ್ ಹಾಕಿ ಬಿಗಿ ಮಾಡಿ, ಅಂಚಿನ ಹತ್ತಿರ ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ಒಂದು ಸುತ್ತು ತಿರುಗಿಸಬೇಕು. ಸಾಮಾನ್ಯವಾಗಿ 0.05 ಮಿ.ಮೀ.ಗಿಂತ ಜಾಸ್ತಿ ಮುಳ್ಳು ಅಲುಗಬಾರದು. ಒಂದು ಕೂದಲೆಳೆಯಷ್ಟೇ ಅಲ್ವಾ, ಆದರೂ ಅಷ್ಟು ಸಾಕು! ಜಾಸ್ತಿ ಬಂದರೆ ಡಿಸ್ಕ್ ತೆಗೆದು, ಹಬ್‌ನ ಮುಖವನ್ನು ವೈರ್ ಬ್ರಷ್‌ನಿಂದ ಉಜ್ಜಿ ಮತ್ತೆ ಅಳೆಯಲಿ. ಆಗಲೂ ಇಳಿಯದಿದ್ದರೆ ಡಿಸ್ಕನ್ನು ಒಂದು ನಟ್‌ನಷ್ಟು ತಿರುಗಿಸಿ ಕೂರಿಸಿ ನೋಡಬಹುದು. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಇಲ್ಲವಾದರೆ ಹಬ್ ಅಥವಾ ಬೇರಿಂಗ್ ನೋಡಬೇಕು. ಚಕ್ರ ಹಾಕುವಾಗ ಏರ್ ಗನ್ ಹಿಡಿದು ಸುಮ್ನೆ ಬುರ್ರ್ ಅನ್ನಿಸಲು ಬಿಡಬೇಡಿ. ನಟ್‌ಗಳನ್ನು ಎದುರುಬದುರಾಗಿ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲಿ ಒಂದೇ ಸಮ ಬಿಗಿ ಮಾಡಬೇಕು.

ಬ್ರೇಕ್ ಮುಟ್ಟದಿದ್ದರೂ ನಡುಗುತ್ತದೆಯೇ? ಹಾಗಾದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಿಸಿ. ಸ್ಟೀರಿಂಗ್ ಸುಮ್ಮನಿದ್ದು ಸೀಟು ಅದುರಿದರೆ ಹಿಂದಿನ ಬ್ರೇಕಿನ ಮೇಲೆ ಕಣ್ಣಿಡಿ. ಕಾರು ಒಂದು ಕಡೆಗೆ ಎಳೆದು, ಒಂದೇ ಚಕ್ರ ಜಾಸ್ತಿ ಬಿಸಿಯಾಗಿದ್ದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ ಜಾಮ್ ಆಗಿರಬಹುದು, ತಡ ಮಾಡಬೇಡಿ. ಗಟ್ಟಿಯಾಗಿ ಒತ್ತಿದಾಗ ಮಾತ್ರ ಪೆಡಲ್ ಟಕಟಕ ಅಂದರೆ ಅದು ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವ ರೀತಿ, ಹೆದರಬೇಡಿ.

ಈಗಿರುವ ಡಿಸ್ಕ್ ಎಸೆಯಬೇಕಾಗಿಯೂ ಇಲ್ಲ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಅದರ ಮೇಲೇ ಕೆತ್ತಿರುತ್ತಾರೆ. ಅದಕ್ಕಿಂತ ದಪ್ಪ ಉಳಿಯುವುದಾದರೆ ಲೇತ್‌ನಲ್ಲಿ ಸಮ ಮಾಡಿಸಿ. ಹಬ್ ಉಜ್ಜಿದ ಮೇಲೆ, ಮುಂಚೆ ಅಲ್ಲ.